ಗ್ರೂಪಿನಲ್ಲಿ ನಿಮ್ಮ ಹೆಸರಿದೆ, ದಾಖಲೆಯಲ್ಲಿ?

ಸೋಮವಾರಪೇಟೆ ಕಡೆಯಿಂದ ಬಂದ ಒಂದು ಕಾಗದ ಓದಿ ನನಗೆ ಸಿಟ್ಟು ಬಂತು. ಬರೆದವರ ಮೇಲಲ್ಲ. ಯಾರ ಮೇಲೆ ಅಂತ ಮುಂದೆ ಹೇಳುತ್ತೇನೆ.

ಬರೆದವರಿಗೆ 28 ವರ್ಷ. ಮದುವೆಯಾಗಿ ಎರಡೂವರೆ ವರ್ಷ ಆಗಿದೆ. ಗಂಡ ಸೇನೆಯಲ್ಲಿ ನಾಯಕ್, ಈಗ ಲಡಾಖಿನ ಎತ್ತರದ ಒಂದು ಪೋಸ್ಟಿನಲ್ಲಿದ್ದಾರೆ. ಮಾವ ತೀರಿಕೊಂಡಿದ್ದಾರೆ. ಮನೆಯಲ್ಲಿ ಇವರು, ಅತ್ತೆ, ಮೂರು ಎಕರೆ ಕಾಫಿ. ಗಂಡನ ಫೋನ್ ವಾರಕ್ಕೊಮ್ಮೆ ಬಂದರೆ ಬಂತು, ಕೆಲವು ಸಲ ಹದಿನೈದು ದಿನವಾದರೂ ಇಲ್ಲ. ಬಂದರೂ ಅತ್ತೆಯ ಮೊಬೈಲಿಗೆ. ಅತ್ತೆ ಮಾತು ಮುಗಿಸಿ ಇವರ ಕೈಗೆ ಕೊಡುವಷ್ಟರಲ್ಲಿ ಲೈನ್ ಕಟ್. ಸಿಕ್ಕಿದರೂ "ಚೆನ್ನಾಗಿದ್ದೀನಿ, ಊಟ ಆಯ್ತು" ಅಷ್ಟೇ.

ಗಂಡನ ಚಿಕ್ಕಪ್ಪ ಒಬ್ಬರಿದ್ದಾರೆ, ಸುಬೇದಾರ್ ಆಗಿ ನಿವೃತ್ತರಾದವರು. ಹಳೆಯ ಪರಿಚಯದವರಿಂದ ಹೇಗೋ ಸುದ್ದಿ ತರಿಸಿಕೊಂಡು, ಅರವತ್ತು ಜನರಿರುವ ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುತ್ತಾರೆ. ಕಳೆದ ತಿಂಗಳು ಕೈಗೆ ಬ್ಯಾಂಡೇಜ್ ಸುತ್ತಿದ ಹುಡುಗನ ಫೋಟೊ ಹಾಕಿ "ನಮ್ಮ ಹುಲಿ ಆಸ್ಪತ್ರೆಯಲ್ಲಿ, ಚಿಂತೆ ಬೇಡ" ಅಂತ ಬರೆದರಂತೆ. ಇವರ ಸಿಮ್‌ಗೆ ಮನೆಯೊಳಗೆ ಸಿಗ್ನಲ್ ಇಲ್ಲ, ಕಣದ ಮೂಲೆಗೆ ಹೋಗಿ ನಿಲ್ಲಬೇಕು. ಹಾಗಾಗಿ ಫೋಟೊ ನೋಡಿರಲಿಲ್ಲ. ಮೈಸೂರಿನಿಂದ ನಾದಿನಿ ಅತ್ತೆಯ ಮೊಬೈಲಿಗೆ ಮಾಡಿ "ಅತ್ತಿಗೆ, ಅಣ್ಣನ ಬೆರಳು ಹೇಗಿದೆ?" ಅಂತ ಕೇಳಿದಾಗಲೇ ಇವರಿಗೆ ಗೊತ್ತಾದದ್ದು. ಚಳಿಗೆ ಎರಡು ಬೆರಳು ಊದಿಕೊಂಡು ಕೆಳಗಿನ ಆಸ್ಪತ್ರೆಗೆ ಕಳಿಸಿದ್ದರು. ಈಗ ವಾಸಿಯಾಗಿ ಮತ್ತೆ ಮೇಲೆ ಹೋಗಿದ್ದಾರೆ.

ಇವರ ಪ್ರಶ್ನೆ: ಗ್ರೂಪ್ ಬಿಟ್ಟುಬಿಡಲೇ? ಅತ್ತೆಯನ್ನು ನೇರವಾಗಿ ಕೇಳಲೇ? ಹುತ್ತರಿ ಹಬ್ಬಕ್ಕೆ ರಜೆಯಲ್ಲಿ ಬಂದಾಗ "ಕೆಲಸ ಬಿಟ್ಟು ಬನ್ನಿ" ಅನ್ನಲೇ?

ಮೂರು ಪುಟದ ಕಾಗದದಲ್ಲಿ ಎರಡನೇ ಪುಟದ ಕೆಳಗೆ ಒಂದು ಸಾಲಿದೆ. "ಮದುವೆ ರಿಜಿಸ್ಟರ್ ಮಾಡಿಸಿಲ್ಲ, ಹಾಗಾಗಿ ಅವರ ದಾಖಲೆಯಲ್ಲಿ ಇನ್ನೂ ಅತ್ತೆಯ ಹೆಸರೇ ಇದೆಯಂತೆ. ಅದೇನೂ ತೊಂದರೆ ಇಲ್ಲ ಬಿಡಿ." ಅಲ್ಲಿಂದ ಮತ್ತೆ ಚಿಕ್ಕಪ್ಪನ ಗ್ರೂಪಿಗೆ ಹೋಗಿದ್ದೀರಿ.

ತೊಂದರೆ ಅದೇ, ತಂಗಿ. ಉಳಿದದ್ದೆಲ್ಲ ಕಿರಿಕಿರಿ.

ಈ ಅಂಕಣ ಓದುವವರಿಗೆ ನನ್ನ ಹಟ ಗೊತ್ತು. ಪಹಣಿ, ಪಾಸ್‌ಬುಕ್, ಪಿಂಚಣಿ: ಈ ಮೂರರಲ್ಲಿ ತನ್ನ ಹೆಸರು ಎಲ್ಲಿದೆ, ಎಲ್ಲಿಲ್ಲ ಅಂತ ಮನೆಯ ಹೆಂಗಸಿಗೆ ತಿಳಿದಿರಬೇಕು. ಪ್ರೀತಿಯ ವಿಷಯ ಬರೆದವರಿಗೂ ನಾನು ಪಹಣಿ ಕೇಳುತ್ತೇನೆ ಅಂತ ಒಬ್ಬರು ನಗಾಡಿದ್ದರು. ನಗಲಿ. ಸೈನಿಕನ ಹೆಂಡತಿಗೆ ಇನ್ನೊಂದು ಕಾಗದ ಬೇಕು, ಸೇನೆಯವರು ಅದಕ್ಕೆ ಪಾರ್ಟ್ ಟು ಆರ್ಡರ್ ಅನ್ನುತ್ತಾರೆ. ಮದುವೆ ಆಯಿತು, ಮಗು ಹುಟ್ಟಿತು ಅಂತ ಸೈನಿಕ ತನ್ನ ಯೂನಿಟ್ಟಿಗೆ ದಾಖಲೆ ಸಮೇತ ತಿಳಿಸಬೇಕು. ಯೂನಿಟ್ ಅದನ್ನು ಆದೇಶವಾಗಿ ಹೊರಡಿಸಿ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿಗೆ ಕಳಿಸುತ್ತದೆ. ಅಲ್ಲಿಯವರೆಗೆ ಸೇನೆಯ ಲೆಕ್ಕದಲ್ಲಿ ನಿಮ್ಮ ಗಂಡ ಅವಿವಾಹಿತ. ಕಲ್ಯಾಣ ಮಂಟಪದಲ್ಲಿ ಎಂಟುನೂರು ಜನ ಉಂಡು ಹೋದದ್ದು ರೆಕಾರ್ಡ್ಸ್ ಆಫೀಸಿಗೆ ಗೊತ್ತಾಗುವುದಿಲ್ಲ ಅಲ್ವಾ.

ಇದರಿಂದ ಏನು ಅಂತ ಕೇಳಬಹುದು. ನಿಮ್ಮ ಕಾಗದದ ಗೋಳಿಗಿಂತ ದೊಡ್ಡ ಗೋಳು ಇದರಿಂದ ಬರಬಹುದು. ಬೆರಳು ಊದಿ ಆಸ್ಪತ್ರೆ ಸೇರಿದ್ದಕ್ಕೆಲ್ಲ ಸೇನೆ ಮನೆಗೆ ಸುದ್ದಿ ಕಳಿಸುವುದಿಲ್ಲ. ಆದರೆ ರೋಗಿಯ ಸ್ಥಿತಿ ಗಂಭೀರ ಅಂತ ಪಟ್ಟಿಗೆ ಸೇರಿಸಿದರೆ ತಿಳಿಸುತ್ತದೆ. ಯಾರಿಗೆ? ದಾಖಲೆಯಲ್ಲಿರುವ ಹತ್ತಿರದ ಸಂಬಂಧಿಗೆ. ಮದುವೆಯಾದವನಿಗೆ ಆ ಸಂಬಂಧಿ ಹೆಂಡತಿ. ನಿಮ್ಮ ಮನೆಯಲ್ಲಿ ಈಗ ಅದು ಅತ್ತೆ. ಸುದ್ದಿ ನಿಮಗೆ ಎರಡನೇ ಕೈಯಿಂದ ಬರುತ್ತದೆ ಅಂತ ಅಳುತ್ತಿದ್ದೀರಿ, ಬರಬಾರದ ಸುದ್ದಿಯೂ ನಿಮಗೆ ಎರಡನೇ ಕೈಯಿಂದಲೇ ಬರುವ ಹಾಗಿದೆ. ಬರೆಯಲು ನನಗೂ ಇಷ್ಟವಿಲ್ಲ, ಆದರೆ ಬರೆಯಲೇಬೇಕು.

ಅವರು ಫೀಲ್ಡ್, ಅಂದರೆ ಗಡಿ ಕಡೆಯ ಕೆಲಸ ಮುಗಿಸಿ, ಕುಟುಂಬ ಜೊತೆಗಿರಬಹುದಾದ ಪೀಸ್ ಸ್ಟೇಷನ್ನಿಗೆ ಬಂದಾಗ ಜೊತೆಗಿರಲು ಕ್ವಾರ್ಟರ್ಸ್ ಬೇಕಾದರೂ, ಮಿಲಿಟರಿ ಆಸ್ಪತ್ರೆಯಲ್ಲಿ ನಿಮಗೆ ಚಿಕಿತ್ಸೆ ಬೇಕಾದರೂ, ಮುಂದೆ ಮಗುವಿನ ಹೆಸರು ಸೇರಿಸಬೇಕಾದರೂ ಮೊದಲು ನಿಮ್ಮ ಹೆಸರು ಅಲ್ಲಿರಬೇಕು. ಕುಟುಂಬ ಪಿಂಚಣಿಯ ಮಾತು ಎತ್ತುವುದೇ ಬೇಡ. ಹೆಸರಿನ ಒಂದು ಅಕ್ಷರ ತಪ್ಪಿದ್ದಕ್ಕೆ ವರ್ಷಗಟ್ಟಲೆ ಅಲೆದ ಹೆಂಗಸರು ಈ ಜಿಲ್ಲೆಯ ಎಷ್ಟೋ ಊರುಗಳಲ್ಲಿ ಸಿಗುತ್ತಾರೆ. ಕೊಡಗಿನಲ್ಲಿ ಇದಕ್ಕೊಂದು ಹೆಚ್ಚಿನ ಕಾರಣವೂ ಇದೆ. ತವರಿನ ಮನೆಹೆಸರು ಆಧಾರ್‌ನಲ್ಲಿ, ಗಂಡನ ಮನೆಹೆಸರು ಬ್ಯಾಂಕಿನಲ್ಲಿ, ಶಾಲೆಯ ಸರ್ಟಿಫಿಕೇಟಿನಲ್ಲಿ ಬರೀ ಇನಿಶಿಯಲ್. ಒಬ್ಬಳೇ ಹೆಂಗಸು, ಕಚೇರಿಯ ಕಣ್ಣಿಗೆ ಮೂವರು.

ಅತ್ತೆಯ ಹೆಸರು ಅಳಿಸಿ ಅಂತ ನಾನು ಹೇಳುತ್ತಿಲ್ಲ. ವಿಮೆಯ ನಾಮಿನೇಷನ್ ಬೇರೆ ಕಾಗದ, ಅದರಲ್ಲಿ ತಾಯಿಗೂ ಪಾಲು ಇಡಬಹುದು, ಇಡಲಿ. ಗಂಡ ಇಲ್ಲದೆ ಮಗನನ್ನು ಸೇನೆಗೆ ಕಳಿಸಿದ ಹೆಂಗಸು ಅವರು. ನಿಮ್ಮ ಕಾಗದದಲ್ಲಿ ಅವರ ಮೇಲೆ ಆರು ದೂರುಗಳಿವೆ, ಆರನ್ನೂ ಓದಿದೆ, ಒಂದನ್ನೂ ಒಪ್ಪಲಿಲ್ಲ. ಮಗ ಫೋನ್ ಮಾಡಿದಾಗ ತಾಯಿ ಮೂರು ನಿಮಿಷ ಮಾತಾಡುವುದು ಅಪರಾಧವಲ್ಲ. ಇನ್ನೊಂದು ವಿಷಯ. ಮನೆಯೊಳಗೆ ಸಿಗ್ನಲ್ ಸಿಗುವುದು ಅವರ ಸಿಮ್‌ಗೆ ಅಂತ ನೀವೇ ಬರೆದಿದ್ದೀರಿ. ನಿಮ್ಮ ಗಂಡ ಆರಿಸುತ್ತಿರುವುದು ತಾಯಿಯನ್ನಲ್ಲ, ಟವರನ್ನು. ಅದೇ ಕಂಪನಿಯ ಸಿಮ್ ಒಂದು ತೆಗೆದುಕೊಳ್ಳಿ, ಈ ಜಗಳ ಮುಗಿಯಿತು.

ಗಂಡ ಏನೂ ಹೇಳುವುದಿಲ್ಲ ಅನ್ನುವ ದೂರಿಗೆ ಬರೋಣ. ಎಲ್ಲಿದ್ದೇನೆ, ಎಷ್ಟು ಜನ ಇದ್ದೇವೆ, ಯಾವಾಗ ಹೊರಡುತ್ತೇವೆ ಅಂತ ಅವರು ಹೇಳುವ ಹಾಗಿಲ್ಲ. ನೀವು ಕೇಳಲೂಬಾರದು. ಆದರೆ ಅಲ್ಲಿನ ಬದುಕಿನ ಬಗ್ಗೆ ನೀವು ತಿಳಿದುಕೊಳ್ಳಬಾರದು ಅಂತ ಯಾರೂ ಹೇಳಿಲ್ಲ. ನಮ್ಮ ಕಡೆಯ ಹುಡುಗ ಲಡಾಖಿಗೆ ಹೋದರೆ ನೇರವಾಗಿ ತುದಿಗೆ ಹತ್ತಿಸುವುದಿಲ್ಲ. ಎತ್ತರದ ಗಾಳಿಗೆ ಮೈ ಒಗ್ಗಬೇಕು. ಒಂಬತ್ತು ಸಾವಿರ ಅಡಿಯ ಮೇಲೆ 6 ದಿನ, ಹನ್ನೆರಡು ಸಾವಿರ ದಾಟಿದರೆ ಇನ್ನೂ 4 ದಿನ, ಹದಿನೈದು ಸಾವಿರ ದಾಟಿದರೆ ಮತ್ತೆ 4 ದಿನ ಅಂತ ಹಂತಗಳಿವೆ. ಮೊದಲೆರಡು ದಿನ ಸುಮ್ನೆ ವಿಶ್ರಾಂತಿ, ಆಮೇಲೆ ನಿಧಾನ ನಡಿಗೆ. ರಜೆ ಮುಗಿಸಿ ವಾಪಸ್ ಹೋದ ಮೇಲೆ ಹದಿನೈದು ದಿನ ಫೋನ್ ಸರಿಯಾಗಿ ಬರಲಿಲ್ಲ ಅಂದಿರಲ್ಲ, ಇದೂ ಒಂದು ಕಾರಣ ಇರಬಹುದು. ಮೇಲೆ ಕುಡಿಯುವ ನೀರಿಗೆ ಹಿಮ ಕರಗಿಸಬೇಕು. ಬಂಕರ್ ಬೆಚ್ಚಗಿಡಲು ಸೀಮೆಎಣ್ಣೆಯ ಬುಖಾರಿ ಒಲೆ. ಚಳಿಗೆ ಮೊಬೈಲ್ ಬ್ಯಾಟರಿ ಬೇಗ ಸಾಯುತ್ತದೆ. ನೆಟ್‌ವರ್ಕೇ ಇಲ್ಲದ ಪೋಸ್ಟುಗಳಲ್ಲಿ ಸ್ಯಾಟಲೈಟ್ ಫೋನಿಗೆ ಸರದಿ. ಹಿಂದೆ ಇಬ್ಬರು ಕಾಯುತ್ತಾ ನಿಂತಿರುವಾಗ ಯಾವ ಗಂಡಸು ಹೆಂಡತಿಯ ಹತ್ತಿರ ಮನಸ್ಸು ಬಿಚ್ಚುತ್ತಾನೆ ಹೇಳಿ. "ಊಟ ಆಯ್ತು" ಅನ್ನುವುದೇ ದೊಡ್ಡದು. ಹಾಗಾಗಿ ಊಟದ್ದನ್ನೇ ಕೇಳಿ. ಅನ್ನ ಮಾಡ್ತಾರಾ, ಬರೀ ರೊಟ್ಟಿನಾ? ಪಕ್ಕದ ಹಾಸಿಗೆಯವನು ಯಾವ ಊರಿನವನು, ಗೊರಕೆ ಹೊಡೀತಾನಾ? ಇದಕ್ಕೆಲ್ಲ ಅವರು ಧಾರಾಳವಾಗಿ ಉತ್ತರ ಕೊಡಬಹುದು.

ಉಳಿದದ್ದಕ್ಕೆ ಕಾಗದ ಇದೆ. ನಂಬರ್, ಹುದ್ದೆ, ಹೆಸರು, ಯೂನಿಟ್, ಕೆಳಗೆ 56 ಎಪಿಒ (ಸೇನಾ ಅಂಚೆ ಕಚೇರಿ), 9ರಿಂದ ಶುರುವಾಗುವ ಪಿನ್. ಊರಿನ ಹೆಸರು ಬೇಕಿಲ್ಲ, ಬರೆಯಲೂಬಾರದು. 1972ರಿಂದ ಸೇನೆಗೆ ಅಂಚೆಯದೇ ಒಂದು ಪ್ರತ್ಯೇಕ ದಳ ಇದೆ, ಸುಮ್ನೆ ಇಟ್ಟುಕೊಂಡಿಲ್ಲ. ನನಗೆ ಮೂರು ಪುಟ ಬರೆದಿದ್ದೀರಿ. ಗಂಡನಿಗೆ ಇಷ್ಟು ಉದ್ದ ಯಾವಾಗ ಬರೆದಿದ್ದೀರಿ?

ಈಗ ಚಿಕ್ಕಪ್ಪ. ನನ್ನ ಸಿಟ್ಟು ಇವರ ಮೇಲೆ. ಸೇನೆಯಲ್ಲಿ ದುಡಿದು ಸುಬೇದಾರ್ ಆದವರಿಗೆ, ಯೋಧನ ಫೋಟೊ, ಆಸ್ಪತ್ರೆಯ ಗೋಡೆ, ಯೂನಿಟ್ಟಿನ ಸುದ್ದಿ ಅರವತ್ತು ಮೊಬೈಲಿಗೆ ಹೋಗಬಾರದು ಅಂತ ನಾನು ಹೇಳಿಕೊಡಬೇಕಾ? ಸೈನಿಕರ ಮೊಬೈಲಿನಿಂದ ಮಾಹಿತಿ ಸೋರುತ್ತದೆ ಅಂತಲೇ 2020ರ ಜುಲೈನಲ್ಲಿ ಸೇನೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ತೆಗೆಯಲು ಹೇಳಿತು. ಹುಡುಗ ಪಾಪ ಆ್ಯಪ್ ತೆಗೆದು ಕೂತಿದ್ದಾನೆ, ಚಿಕ್ಕಪ್ಪ ಮನೆಯಲ್ಲಿ ಕೂತು ಮಾಹಿತಿ ಸೋರಿಸುವ ಕೆಲಸ ಮಾಡುತ್ತಿದ್ದಾರೆ. ಕುಟುಂಬದ ಗ್ರೂಪಿನಲ್ಲಿ ಒಳ್ಳೆಯದು ಹುಟ್ಟಿದ್ದನ್ನು ನಾನು ಇನ್ನೂ ನೋಡಿಲ್ಲ. ಗುಡ್ ಮಾರ್ನಿಂಗ್ ಹೂವು, ಯಾರದೋ ಶ್ರಾದ್ಧದ ದಿನಾಂಕ, ಉಳಿದದ್ದೆಲ್ಲ ಗಾಳಿಸುದ್ದಿ. ಹೆಂಡತಿಗೆ ಮೊದಲು ಒಂದು ಫೋನ್ ಮಾಡಬೇಕು ಅಂತ ಇವರಿಗೆ ಹೊಳೆಯಲಿಲ್ಲ. ಹುಲಿಯ ಸುದ್ದಿ ಮೊದಲು ತಾನೇ ಹೇಳಬೇಕು, ಅರವತ್ತು ಜನ ಕೈ ಮುಗಿಯುವ ಚಿತ್ರ ಕಳಿಸಬೇಕು. ಇದು ಕಾಳಜಿ ಅಲ್ಲ.

ನೀವು ಅವರನ್ನು ಕೇಳಿದಾಗ ಅವರು ಕಾರ್ಯಪ್ಪನವರ ಕತೆ ಹೇಳಿದರಂತೆ. ಹೇಳದೆ ಇರುತ್ತಾರಾ, ಕೊಡಗಿನಲ್ಲಿ ಹೆಂಗಸರ ಬಾಯಿ ಮುಚ್ಚಿಸಲು ಇದಕ್ಕಿಂತ ಒಳ್ಳೆ ಕತೆ ಇಲ್ಲ. 1965ರ ಯುದ್ಧದಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ, ವಾಯುಪಡೆಯ ಪೈಲಟ್, ಪಾಕಿಸ್ತಾನದ ಕೈಗೆ ಸಿಕ್ಕರು. ಅಲ್ಲಿ ಅಧ್ಯಕ್ಷರಾಗಿದ್ದ ಅಯೂಬ್ ಖಾನ್ ದೇಶ ಒಡೆಯುವ ಮೊದಲು ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಬಿಡುಗಡೆ ಮಾಡುವ ಮಾತು ಬಂದಾಗ, ಅಲ್ಲಿರುವ ಸೆರೆಯಾಳುಗಳೆಲ್ಲ ನನ್ನ ಮಕ್ಕಳೇ, ಇವನಿಗೊಬ್ಬನಿಗೆ ವಿಶೇಷ ಬೇಡ ಅಂದರು ಕಾರ್ಯಪ್ಪ. ದೊಡ್ಡ ಮಾತು. ಆದರೆ ಚಿಕ್ಕಪ್ಪನವರೇ, ಅವರು ಬೇಡ ಅಂದದ್ದು ಮಗನಿಗೆ ಸಿಗುವ ರಿಯಾಯಿತಿಯನ್ನು. ಮಗ ಹೇಗಿದ್ದಾನೆ ಅಂತ ಮನೆಯವರು ತಿಳಿಯಬಾರದು ಅಂತ ಅಲ್ಲ. ಅದೇ ಯುದ್ಧದ ಇನ್ನೊಂದು ಕತೆಯನ್ನೂ ನೀವು ಬಲ್ಲಿರಿ. ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ವಾಪಸ್ ಬರಲಿಲ್ಲ. ಶತ್ರು ವಿಮಾನವನ್ನು ಉರುಳಿಸಿಯೇ ಅವರು ಸತ್ತದ್ದು ಅಂತ ಗೊತ್ತಾಗಲು ವರ್ಷಗಳು ಹಿಡಿದವು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಅಷ್ಟು ವರ್ಷ ಆ ಮನೆಯವರು ಏನು ಅಂತ ನಂಬಿಕೊಂಡು ಇದ್ದಿರಬೇಕು? ಸುದ್ದಿ ಕೇಳುವ ಹೆಂಡತಿಗೆ ಧೈರ್ಯ ಕಮ್ಮಿ ಅಂತ ಯಾರೂ ಪಾಠ ಮಾಡಬೇಕಾಗಿಲ್ಲ.

ಗ್ರೂಪ್ ಬಿಡುತ್ತೀರೋ ಇರುತ್ತೀರೋ, ನಿಮ್ಮಿಷ್ಟ. "ಕೆಲಸ ಬಿಡಿ" ಅನ್ನುವ ಮಾತನ್ನು ರಜೆಯಲ್ಲಿ ಎತ್ತಬೇಡಿ, ಅದು ನಿಮಗೆ ಬೇಕಾದದ್ದೂ ಅಲ್ಲ ಅಂತ ಕಾಗದ ಓದಿದರೆ ತಿಳಿಯುತ್ತದೆ.

ಮಾಡಬೇಕಾದ್ದು ಒಂದೇ. ಹುತ್ತರಿಗೆ ಅವರು ಬಂದ ಮೇಲೆ ಕಚೇರಿ ತೆರೆದಿರುವ ಮೊದಲ ದಿನ, ನೆಂಟರ ಮನೆಗೆ ಹೋಗುವ ಮೊದಲು, ಹಂದಿ ಸಾರಿಗೆ ಒಲೆ ಹಚ್ಚುವ ಮೊದಲು, ಇಬ್ಬರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಮದುವೆ ನೋಂದಣಿ ಮಾಡಿಸಿ. ಯೂನಿಟ್ಟಿಗೆ ಏನೇನು ಬೇಕು ಅಂತ ಅಲ್ಲಿನ ಕ್ಲರ್ಕ್ ಹತ್ತಿರ ಈಗಲೇ ಬರೆಸಿಕೊಂಡು ಬರಲು ಗಂಡನಿಗೆ ಕಾಗದ ಹಾಕಿ. ನೋಂದಣಿ ಪತ್ರ, ಜೋಡಿ ಫೋಟೊ, ನಿಮ್ಮ ಆಧಾರ್ ಅಂತೂ ಬೇಕೇ ಬೇಕು. ಆಧಾರ್‌ನಲ್ಲಿ ಹೆಸರು ಹೇಗಿದೆ ಅಂತ ಇವತ್ತೇ ತೆಗೆದು ನೋಡಿ. ಮನೆಹೆಸರು ಬದಲಾಯಿಸುವುದಿದ್ದರೆ ಅದು ಮೊದಲು ಆಗಲಿ, ಆಮೇಲೆ ಎಲ್ಲ ಕಡೆ ಅದೇ ಅಕ್ಷರ. ಗೊಂದಲ ಆದರೆ ಮಡಿಕೇರಿಯಲ್ಲಿ ಸೈನಿಕ ಕಲ್ಯಾಣ ಇಲಾಖೆಯ ಕಚೇರಿ ಇದೆ, ಅಲ್ಲಿ ಕೇಳಿ.

ನೋಂದಣಿಗೆ ಸಾಕ್ಷಿಗಳು ಬೇಕಾಗುತ್ತಾರೆ. ಚಿಕ್ಕಪ್ಪನವರನ್ನು ಕರೆದುಕೊಂಡು ಹೋಗಿ. ಫೋಟೊ ಬೇಕಾದರೆ ಅಲ್ಲಿ ತೆಗೆದು ಗ್ರೂಪಿಗೆ ಹಾಕಲಿ.