ಒಪೆರಾ ಹಾಡು ಕೇಳಲು ಎಲ್ಲಿಂದ ಶುರು ಮಾಡಬೇಕು? ಹಾಡಿಗಿಂತ ಎರಡು ನಿಮಿಷ ಹಿಂದಿನಿಂದ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಒಪೆರಾ ಕೇಳೋಣ ಅಂತ ಎರಡು ಮೂರು ಸಲ ಕೂತಿದ್ದೀರಿ, ಹತ್ತು ನಿಮಿಷಕ್ಕೆ ಬೇಜಾರಾಗಿದೆ. ಭಾಷೆ ಬರಲ್ಲ, ಸಂಗೀತ ಕಲಿತಿಲ್ಲ. ಹೆಸರಾದ ಒಪೆರಾ ಹಾಡುಗಳಲ್ಲಿ, ಅಂದರೆ ಆರಿಯಾ, ಡುಯೆಟ್‌ಗಳಲ್ಲಿ, ಯಾವುದರಿಂದ ಶುರು ಮಾಡಬಹುದು ಅಂತ ಕೇಳಿದ್ದೀರಿ.

ನಾನೂ ಸಂಗೀತ ಕಲಿತವನಲ್ಲ. ನನಗೂ ಇದೇ ಆಗಿತ್ತು. ಜರ್ಮನ್ ಒಪೆರಾ ಸಂಗೀತಗಾರ ವಾಗ್ನರ್ ಬಹಳ ದೊಡ್ಡವನು ಅಂತ ಎಲ್ಲೋ ಓದಿ, ನಾಲ್ಕು ಗಂಟೆಗೂ ಜಾಸ್ತಿ ಇದ್ದ ಒಪೆರಾ ಒಂದನ್ನು ಸಬ್‌ಟೈಟಲ್ ಇಲ್ಲದೆ ಹಾಕಿಕೊಂಡು ಕೂತೆ. ಎಚ್ಚರವಾದಾಗ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿತ್ತು. ಒಪೆರಾದಲ್ಲಿ ಯಾರು ಸತ್ತರು ಅಂತ ಮಾತ್ರ ಗೊತ್ತಾಗಲಿಲ್ಲ.

ನಾವು ಮಾಡುವ ತಪ್ಪು ಏನಪ್ಪಾ ಅಂದರೆ, ಒಪೆರಾವನ್ನು ಸಂಗೀತ ಕಚೇರಿ ಅಂದುಕೊಂಡು ಕೇಳುತ್ತೇವೆ. ಅದು ನಾಟಕ. ನಮ್ಮ ಕಂಪನಿ ನಾಟಕದಲ್ಲಿ ನಟರೇ ಹಾಡುತ್ತಿದ್ದರಲ್ಲ, ಹಾಗೆ. ಯಕ್ಷಗಾನದಲ್ಲಿ ಭಾಗವತರು ಹಾಡುತ್ತಾರೆ, ವೇಷಧಾರಿ ಅರ್ಥ ಹೇಳುತ್ತಾನೆ. ಒಪೆರಾದಲ್ಲಿ ಎರಡೂ ಕೆಲಸ ಒಬ್ಬರದೇ. ಕಥೆ ಮುಂದೆ ಸಾಗುವಾಗ ಮಾತಿಗೆ ಹತ್ತಿರದ ಒಂದು ಧಾಟಿಯಲ್ಲಿ ಬೇಗ ಬೇಗ ಹಾಡಿಕೊಂಡು ಹೋಗುತ್ತಾರೆ, ಅದಕ್ಕೆ ರೆಸಿಟಟಿವ್ ಅನ್ನುತ್ತಾರೆ. ಮನಸ್ಸು ತುಂಬಿ ಬಂದಾಗ ಕಥೆ ನಿಲ್ಲುತ್ತದೆ, ಒಬ್ಬರು ನಿಂತು ಪೂರ್ತಿ ಹಾಡುತ್ತಾರೆ. ಅದು ಆರಿಯಾ. ಇಬ್ಬರಾದರೆ ಡುಯೆಟ್. ಇಷ್ಟು ಗೊತ್ತಿದ್ದರೆ ಸಾಕು. ಇನ್ನೊಂದೇ ಒಂದು ಕೆಲಸ ಮಾಡಿ: ಹಾಡಿನ ಹಿಂದಿನ ಎರಡು ನಿಮಿಷದಲ್ಲಿ ಏನಾಯಿತು ಅಂತ ಮೊದಲು ಓದಿಕೊಳ್ಳಿ.

ಯಾಕೆ ಅಂತ ಹೇಳುತ್ತೇನೆ. ‘ಓ ಮಿಯೊ ಬಬ್ಬಿನೊ ಕಾರೊ’ ಅಂತ ಇಟಲಿಯ ಸಂಗೀತಗಾರ ಪುಚ್ಚಿನಿಯ ಒಂದು ಆರಿಯಾ ಇದೆ, ಎರಡೂವರೆ ನಿಮಿಷದ್ದು. ಒಂದು ಸಲ ಮನೆಯಲ್ಲಿ ಹಾಕಿದ್ದೆ. ಅಮ್ಮ ಅಡುಗೆಮನೆ ಬಾಗಿಲಲ್ಲಿ ನೆನೆಸಿದ ಅವರೆಕಾಳು ಹಿಸುಕುತ್ತಾ ಕೂತಿದ್ದಳು. ಅರ್ಧ ಹಾಡಾಗುವಷ್ಟರಲ್ಲಿ ಕೈ ನಿಲ್ಲಿಸಿ, "ಪಾಪ, ಏನಾಯ್ತೋ ಇವಳಿಗೆ? ಯಾರಾದ್ರೂ ಹೋಗ್ಬಿಟ್ರಾ?" ಅಂದಳು. ಒಬ್ಬ ಹೋಗಿದ್ದು ನಿಜ, ಆದರೆ ಇವಳು ಅಳುತ್ತಿರುವುದು ಅದಕ್ಕಲ್ಲ. ಕಥೆ ಫ್ಲಾರೆನ್ಸಿನದು, 1299ರದು. ಒಬ್ಬ ಶ್ರೀಮಂತ ಮುದುಕ ಸತ್ತಿದ್ದಾನೆ, ಆಸ್ತಿಯನ್ನು ಮಠಕ್ಕೆ ಬರೆದಿಟ್ಟಿದ್ದಾನೆ, ನೆಂಟರಿಗೆ ಹೊಟ್ಟೆ ಉರಿಯುತ್ತಿದೆ. ಉಯಿಲನ್ನು ಹೇಗಾದರೂ ತಿರುಚಲು ಜಾನಿ ಸ್ಕಿಕ್ಕಿ ಎಂಬ ಚಾಲಾಕಿಯನ್ನು ಕರೆಸುತ್ತಾರೆ. ಆದರೆ ವರದಕ್ಷಿಣೆ ತರದ ಅವನ ಮಗಳನ್ನು ತಮ್ಮ ಹುಡುಗನಿಗೆ ತಂದುಕೊಳ್ಳಲು ತಯಾರಿಲ್ಲ. ಸ್ಕಿಕ್ಕಿ ಸಿಟ್ಟು ಮಾಡಿಕೊಂಡು ಹೊರಟಾಗ ಮಗಳು ಲವ್ರೆಟ್ಟಾ ಅಪ್ಪನ ಮುಂದೆ ಈ ಹಾಡು ಶುರು ಮಾಡುತ್ತಾಳೆ. ಅಪ್ಪಯ್ಯ, ನಾನು ಉಂಗುರ ಕೊಳ್ಳಲು ಹೋಗಬೇಕು, ನೀನು ಒಪ್ಪದಿದ್ದರೆ ಹಳೇ ಸೇತುವೆಗೆ ಹೋಗಿ ಆರ್ನೊ ನದಿಗೆ ಹಾರಿಬಿಡುತ್ತೇನೆ ಅಂತ. ಹಾಡು ಮುಗಿದ ಕೂಡಲೇ ಅಪ್ಪ ಹೇಳುವುದು ಒಂದೇ ಮಾತು: ಎಲ್ಲಿ, ಆ ಉಯಿಲು ಕೊಡಿ ಇಲ್ಲಿ.

ಇದನ್ನು ಹೇಳಿದ್ದೇ ತಡ ಅಮ್ಮ "ಅಯ್ಯೋ ಕಳ್ಳಿ!" ಅಂತ ನಕ್ಕು, "ಇನ್ನೊಂದ್ಸಲ ಹಾಕು" ಅಂದಳು. ಅದೇ ಹಾಡು, ಅದೇ ದನಿ. ಈಗ ಕೇಳಿದ್ದು ಬೇರೆಯೇ.

ಅದಕ್ಕೇ ಮೊದಲು ಇದನ್ನೇ ಕೇಳಿ ಅನ್ನುತ್ತೇನೆ.

ಆಮೇಲೆ ಇಟಲಿಯವನೇ ಆದ ವೆರ್ಡಿಯ ‘ಲಾ ದೊನ್ನಾ ಎ ಮೊಬಿಲೆ’. ಇದರ ಧಾಟಿ ನಿಮ್ಮ ಕಿವಿಗೆ ಎಲ್ಲೋ ಬಿದ್ದೇ ಇರುತ್ತದೆ, ಜಾಹೀರಾತಿನವರು ಅದನ್ನು ಅಷ್ಟು ಉಜ್ಜಿದ್ದಾರೆ. ಕುಣಿಯುವಂಥ ಹಾಡು. 1851ರಲ್ಲಿ ವೆನಿಸ್‌ನಲ್ಲಿ ಮೊದಲು ಆಡಿದ ‘ರಿಗೊಲೆಟ್ಟೊ’ ಒಪೆರಾದ್ದು. ಹೆಣ್ಣಿನ ಮನಸ್ಸು ಗಾಳಿಗೆ ಸಿಕ್ಕ ಗರಿಯ ಹಾಗೆ ಅಂತ ಹಾಡುವವನು, ಊರಿನ ಹೆಣ್ಣುಮಕ್ಕಳಿಗೆಲ್ಲ ಕೈಕೊಟ್ಟ ಡ್ಯೂಕ್. ಅವನ ಆಸ್ಥಾನದ ವಿದೂಷಕ ರಿಗೊಲೆಟ್ಟೊ. ತನ್ನ ಮಗಳನ್ನೂ ಅವನು ಕೆಡಿಸಿದ ಅಂತ ಸುಪಾರಿ ಕೊಟ್ಟು ಅವನನ್ನು ಕೊಲ್ಲಿಸಲು ಹೊರಟಿದ್ದಾನೆ. ರಾತ್ರಿ ಕೊಲೆಗಾರ ಹೆಣ ತುಂಬಿದ ಚೀಲ ಕೊಡುತ್ತಾನೆ. ಚೀಲವನ್ನು ನದಿಗೆ ಎಸೆಯಬೇಕು ಅನ್ನುವಷ್ಟರಲ್ಲಿ ದೂರದಿಂದ ಇದೇ ಹಾಡು ಕೇಳಿಬರುತ್ತದೆ. ಡ್ಯೂಕ್ ಹಾಡಿಕೊಂಡು ಹೋಗುತ್ತಿದ್ದಾನೆ. ಹಾಗಾದರೆ ಚೀಲದಲ್ಲಿರುವುದು ಯಾರು? ಅವನ ಮಗಳೇ, ಡ್ಯೂಕನನ್ನು ಉಳಿಸಲು ತಾನಾಗಿ ಚೂರಿಗೆ ಎದೆಯೊಡ್ಡಿದವಳು. ಇಷ್ಟು ಸುಲಭವಾಗಿ ಬಾಯಿಗೆ ಬರುವ ಧಾಟಿಯನ್ನು ವೆರ್ಡಿ ಯಾಕೆ ಮಾಡಿದ ಅಂತ ಆಗ ತಿಳಿಯುತ್ತದೆ. ಒಂದೇ ಸಲ ಕೇಳಿದರೂ ನೆನಪಿರಬೇಕು, ಕತ್ತಲಲ್ಲಿ ಗುರುತು ಸಿಗಬೇಕು.

ಇಟಲಿಯ ಗಾಯಕ ಪಾವರೊಟ್ಟಿ ಹಾಡಿದ ‘ನೆಸ್ಸುನ್ ದೊರ್ಮಾ’ವನ್ನು ಎಲ್ಲರೂ ಹೇಳುತ್ತಾರೆ, 1990ರ ಫುಟ್‌ಬಾಲ್ ವಿಶ್ವಕಪ್ಪಿನಿಂದ ಅದು ಗೆಲುವಿನ ಹಾಡೇ ಆಗಿಹೋಗಿದೆ. ಇದೂ ಪುಚ್ಚಿನಿಯದೇ. ಅವನು 1924ರಲ್ಲಿ ತೀರಿಕೊಂಡ, ಈ ಹಾಡಿರುವ ‘ತುರಾಂದೊತ್’ ಒಪೆರಾ ರಂಗಕ್ಕೆ ಬಂದದ್ದು 1926ರಲ್ಲಿ. ಕೊನೆಯಲ್ಲಿ ‘ಗೆಲ್ಲುತ್ತೇನೆ’ ಅಂತ ಹೇಳುವಾಗ ಮೇಲಿನ ಸ್ವರವನ್ನು ಹಿಡಿದು ನಿಲ್ಲಿಸುತ್ತಾರಲ್ಲ, ಪುಚ್ಚಿನಿ ಬರೆದದ್ದರಲ್ಲಿ ಅದು ಮುಟ್ಟಿ ಬಿಡುವಷ್ಟು ಚಿಕ್ಕ ಸ್ವರ. ಗಾಯಕರು ಎಳೆದೂ ಎಳೆದೂ ಹಾಗಾಗಿದೆ. ನಮ್ಮ ಕಂಪನಿ ನಾಟಕದಲ್ಲಿ ವನ್ಸ್ ಮೋರ್ ಗಿಟ್ಟಿಸಲು ಎಳೆಯುತ್ತಿದ್ದರಲ್ಲ, ಅದೇ ಖಯಾಲಿ. ನೀವು ಕೇಳುವಾಗ ನಡುವೆ ದೂರದಿಂದ ಬರುವ ಹೆಂಗಸರ ದನಿಗೆ ಕಿವಿ ಕೊಡಿ. ಬೆಳಗಾಗುವುದರೊಳಗೆ ಹಾಡುತ್ತಿರುವ ಈ ಅಪರಿಚಿತನ ಹೆಸರು ಪತ್ತೆಯಾಗದಿದ್ದರೆ ಊರಿನವರ ತಲೆ ಹೋಗುತ್ತದೆ ಅಂತ ರಾಜಕುಮಾರಿ ಡಂಗುರ ಹೊಡೆಸಿದ್ದಾಳೆ. ಇವನು ನನ್ನ ಹೆಸರು ಯಾರಿಗೂ ಸಿಗಲ್ಲ ಅಂತ ಹಿಗ್ಗುತ್ತಿದ್ದಾನೆ, ಅವರು ಅಯ್ಯೋ ನಾವು ಸಾಯಬೇಕಲ್ಲ ಅನ್ನುತ್ತಿದ್ದಾರೆ. ಸ್ಟೇಡಿಯಮ್ಮಿನಲ್ಲಿ ಇದು ಯಾರಿಗೆ ಬೇಕು!

"ಆದರೂ ಯಾಕೆ ಹಾಗೆ ಕಿರುಚ್ತಾರೆ?" ಅನ್ನೋದು ಎಲ್ಲರ ಪ್ರಶ್ನೆ. ಮೈಕ್ ಇಲ್ಲ ಸ್ವಾಮಿ. ಎದುರಿಗೆ ಐವತ್ತು ಅರವತ್ತು ವಾದ್ಯ, ಅದರಾಚೆ ದೊಡ್ಡ ಹಾಲ್. ಬರೀ ಜೋರಾಗಿ ಕೂಗಿದರೆ ವಾದ್ಯಗಳೇ ಗೆಲ್ಲುತ್ತವೆ. ವಾದ್ಯಮೇಳದ ಬಲ ಹೆಚ್ಚಾಗಿರುವುದು 500 ಹರ್ಟ್ಸ್, ಅಂದರೆ ಸೆಕೆಂಡಿಗೆ 500 ಕಂಪನದ ಆಸುಪಾಸಿನಲ್ಲಿ. ಪಳಗಿದ ಗಾಯಕರು, ಮುಖ್ಯವಾಗಿ ಗಂಡಸರು, ಗಂಟಲನ್ನು ಹದ ಮಾಡಿಕೊಂಡು 3000 ಹರ್ಟ್ಸ್ ಹತ್ತಿರ ದನಿಗೆ ಹೊಳಪು ತರುತ್ತಾರೆ. ಅಲ್ಲಿ ವಾದ್ಯಗಳ ಗದ್ದಲ ಕಡಿಮೆ, ನಮ್ಮ ಕಿವಿಯೂ ಅಲ್ಲಿ ಚುರುಕು. ನಮಗೆ ಕಿರುಚಿದಂತೆ ಕೇಳುವುದು ಈ ಹೊಳಪೇ.

ಹೆಣ್ಣು ದನಿ ಎಲ್ಲಿಯವರೆಗೆ ಹೋಗಬಹುದು ಅಂತ ನೋಡಬೇಕಾದರೆ ಮೊಜಾರ್ಟನ ‘ಮಾಯಾ ಕೊಳಲು’ ಒಪೆರಾದಲ್ಲಿ ರಾತ್ರಿಯ ರಾಣಿ ಹಾಡುವ ಸೇಡಿನ ಆರಿಯಾ ಇದೆ. ಮಗಳ ಕೈಗೆ ಚೂರಿ ಕೊಟ್ಟು, ನನ್ನ ಶತ್ರುವನ್ನು ಕೊಂದು ಬಾ, ಇಲ್ಲದಿದ್ದರೆ ನೀನು ನನ್ನ ಮಗಳೇ ಅಲ್ಲ ಅನ್ನುವ ತಾಯಿ. ಸಿಟ್ಟಿಗೆ ಮಾತೇ ಸಾಲದೆ ಬರೀ ‘ಆ ಆ’ ಅಂತ ಮೇಲಕ್ಕೆ ಏರುತ್ತಾಳೆ. 1977ರಲ್ಲಿ ವಾಯೇಜರ್ ನೌಕೆಗಳ ಜೊತೆ ಬಾಹ್ಯಾಕಾಶಕ್ಕೆ ಕಳಿಸಿದ ಚಿನ್ನದ ಲೇಪದ ಗ್ರಾಮಫೋನ್ ತಟ್ಟೆಯಲ್ಲಿ ಈ ಹಾಡಿದೆ, ಎಡ್ಡಾ ಮೋಜರ್ ಹಾಡಿದ್ದು. ಅದೇ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರರ ಭೈರವಿಯೂ ಇದೆ. ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರ ಜೈಪುರ-ಅತ್ರೌಲಿ ಘರಾನಾದವರೇ ಅವರು. ಇಬ್ಬರನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ, ಮಜಾ ಇರುತ್ತದೆ.

ಇನ್ನು ಡುಯೆಟ್. ನನ್ನನ್ನು ಕೇಳಿದರೆ ಹೊಸಬರಿಗೆ ಆರಿಯಾಗಿಂತ ಡುಯೆಟ್ಟೇ ಸುಲಭ, ಏಕೆಂದರೆ ಅಲ್ಲಿ ಕಣ್ಣೆದುರಿಗೇ ಏನೋ ನಡೆಯುತ್ತಿರುತ್ತದೆ. ಮೊಜಾರ್ಟನ ‘ದೊನ್ ಜೊವಾನ್ನಿ’ಯಲ್ಲಿ ‘ಲಾ ಚಿ ದಾರೆಮ್ ಲಾ ಮಾನೊ’ ಕೇಳಿ, 1787ರದು. ಜೆರ್ಲಿನಾ ಹಳ್ಳಿ ಹುಡುಗಿ, ಅವತ್ತು ಅವಳ ಮದುವೆ. ದೊನ್ ಜೊವಾನ್ನಿ ಎಂಬ ಲಫಂಗ ದೊರೆ ಅವಳನ್ನು ತನ್ನ ಬಂಗಲೆಗೆ ಕರೆಯುತ್ತಿದ್ದಾನೆ. ಮೊದಲು ಅವನು ಒಂದು ಪೂರ್ತಿ ಸಾಲು ಹಾಡುತ್ತಾನೆ. ಅವಳು ಅದೇ ಧಾಟಿಯಲ್ಲಿ ಉತ್ತರ ಕೊಡುತ್ತಾಳೆ: ಬರುವ ಆಸೆ ಇದೆ, ಆದರೂ ಬೇಡ. ಇಬ್ಬರ ನಡುವೆ ಅಂತರವಿದೆ. ಎರಡನೇ ಸುತ್ತಿನಲ್ಲಿ ಅವನ ಸಾಲು ಚಿಕ್ಕದಾಗುತ್ತದೆ, ಅವಳದೂ ಚಿಕ್ಕದಾಗುತ್ತದೆ. ಆಮೇಲೆ ಅವನು ಮುಗಿಸುವ ಮೊದಲೇ ಅವಳು ಶುರು ಮಾಡುತ್ತಾಳೆ. ಒಂದು ಕ್ಷಣ ತಡೆದು ‘ಹೋಗೋಣ’ ಅನ್ನುತ್ತಾಳೆ, ಅಲ್ಲಿಗೆ ತಾಳ ಬದಲಾಗಿ ಇಬ್ಬರೂ ಒಟ್ಟಿಗೆ ಹಾಡುತ್ತಾರೆ. ಭಾಷೆ ಒಂದಕ್ಷರ ಬರದಿದ್ದರೂ ಹುಡುಗಿ ಯಾವಾಗ ಸೋತಳು ಅಂತ ಕಿವಿಗೆ ಗೊತ್ತಾಗುತ್ತದೆ. (ಅಷ್ಟರಲ್ಲಿ ಅವನ ಹಳೇ ಪ್ರೇಯಸಿ ಬಂದು ಎಲ್ಲ ಕೆಡಿಸುತ್ತಾಳೆ, ಸದ್ಯ.)

ಕೊನೆಯದಾಗಿ ‘ಫ್ಲವರ್ ಡುಯೆಟ್’. ಬ್ರಿಟಿಷ್ ಏರ್‌ವೇಸ್ ಜಾಹೀರಾತಿನಲ್ಲಿ ಕೇಳಿರುತ್ತೀರಿ. ಡೆಲಿಬ್ ಎಂಬ ಫ್ರೆಂಚ್ ಸಂಗೀತಗಾರನ ‘ಲಕ್ಮೆ’ಯದು, 1883ರಲ್ಲಿ ಪ್ಯಾರಿಸ್‌ನಲ್ಲಿ ಮೊದಲು ಆಡಿದ್ದು, ಕಥೆ ನಡೆಯುವುದು ಬ್ರಿಟಿಷರ ಕಾಲದ ಭಾರತದಲ್ಲಿ. ಲಕ್ಮೆ ಅಂದರೆ ನಮ್ಮ ಲಕ್ಷ್ಮಿಯೇ. ಅವಳ ಅಪ್ಪ ನೀಲಕಂಠ, ಬ್ರಾಹ್ಮಣ ಪೂಜಾರಿ. ಜೊತೆಗಾತಿ ಮಲ್ಲಿಕಾ. ಕೊನೆಯಲ್ಲಿ ಲಕ್ಮೆ ಸಾಯುವುದು ಉಮ್ಮತ್ತದ ಎಲೆ ತಿಂದು. ಒಪೆರಾ ಪೂರ್ತಿ ನೋಡಿದರೆ ಪ್ಯಾರಿಸ್‌ನವರು ಮನಸ್ಸಿನಲ್ಲೇ ಕಟ್ಟಿಕೊಂಡ ಭಾರತ ಕಂಡು ನಗು ಬರುತ್ತದೆ, ಆದರೆ ಈ ಹಾಡಿಗೆ ನಗುವುದು ಕಷ್ಟ. ಇಬ್ಬರು ಹುಡುಗಿಯರು ಮಲ್ಲಿಗೆ ಚಪ್ಪರದ ಕೆಳಗೆ ಹೊಳೆಯ ಕಡೆ ಹೂ ಕೊಯ್ಯಲು ಹೊರಟಿದ್ದಾರೆ. ಒಂದು ದನಿ ಮೇಲೆ, ಇನ್ನೊಂದು ಸ್ವಲ್ಪವೇ ಕೆಳಗೆ, ಜೊತೆಯಾಗಿ ತೇಲುತ್ತವೆ.

ಆದರೆ ಹುಡುಕುವಾಗ ಎರಡು ಮೂರು ನಿಮಿಷಕ್ಕೆ ಕತ್ತರಿಸಿದ್ದನ್ನು ತೆಗೆದುಕೊಳ್ಳಬೇಡಿ, ಪೂರ್ತಿ ಇರುವುದನ್ನೇ ಹುಡುಕಿ. ನಡುವೆ ಹಾಡು ಸಣ್ಣಗೆ ನಡುಗುತ್ತದೆ. ಅಪ್ಪ ಆ ಬಿಳಿಯರ ಊರಿಗೆ ಒಬ್ಬನೇ ಹೋಗಿದ್ದಾನೆ, ಏನೋ ಹೆದರಿಕೆ ಅನ್ನುತ್ತಾಳೆ ಲಕ್ಮೆ. ಅವರನ್ನು ಗಣೇಶ ಕಾಪಾಡಲಿ, ಬಾ, ನೀಲಿ ತಾವರೆ ಕೊಯ್ದು ತರೋಣ ಅನ್ನುತ್ತಾಳೆ ಮಲ್ಲಿಕಾ. ಜಾಹೀರಾತಿನವರು ಬಿಟ್ಟದ್ದು ಈ ಭಾಗವನ್ನೇ.