ಕಡಿಮೆ ಬೆಲೆಯ ಫೋನ್ ಕೊಳ್ಳುವಾಗ ಅಪ್‌ಡೇಟ್ ನಿಲ್ಲುವ ತಾರೀಖನ್ನೂ ನೋಡಿ

ಮೇಡಂ, ನಿಮ್ಮ ಪ್ರಶ್ನೆ ಈಗ ನೋಡಿದೆ. ಗಿಡಗಳ ಫೋಟೊ, ವಾಟ್ಸ್ಆ್ಯಪ್, ಬ್ಯಾಂಕ್ ಆ್ಯಪ್, ಇಷ್ಟೇ ನಿಮ್ಮ ಬಳಕೆ. ಈಗಿನ ಫೋನ್ ಚೆನ್ನಾಗಿಯೇ ಓಡುತ್ತಿದೆ, ಆದರೆ ಅಪ್‌ಡೇಟ್ ಬರುವುದು ನಿಂತು ಒಂದೂವರೆ ವರ್ಷ ಆಗಿದೆ. ಕಡಿಮೆ ಬೆಲೆಯಲ್ಲಿ ತುಂಬಾ ದಿನ ಅಪ್‌ಡೇಟ್ ಸಿಗುವ ಫೋನ್ ಯಾವುದು ಅಂತ ಕೇಳಿದ್ದೀರಿ. ಮೇಲೆ ಎಲ್ಲರೂ ಮೆಗಾಪಿಕ್ಸೆಲ್ ಬಗ್ಗೆಯೇ ಬರೆದಿದ್ದಾರೆ. ನೀವು ಕೇಳಿದ್ದು ಅದಲ್ಲ ಅಲ್ವಾ?

ಮೊದಲು ನನ್ನ ಪೆದ್ದುತನ ಹೇಳಿಬಿಡುತ್ತೇನೆ. ಹಿಂದೊಮ್ಮೆ ಭಾರಿ ರಿಯಾಯಿತಿಯಲ್ಲಿ ಒಂದು ಫೋನ್ ಕೊಂಡೆ. ಸೀಲ್ ಒಡೆಯದ ಹೊಸ ಡಬ್ಬ. ಮೂರು ವರ್ಷ ಸೆಕ್ಯುರಿಟಿ ಅಪ್‌ಡೇಟ್ (ಹ್ಯಾಕರ್‌ಗಳು ನುಗ್ಗಬಹುದಾದ ಸಾಫ್ಟ್‌ವೇರ್ ದೋಷಗಳನ್ನು, ಅಂದರೆ ತೂತುಗಳನ್ನು, ಮುಚ್ಚುವ ಅಪ್‌ಡೇಟ್) ಅಂತ ಕಂಪನಿ ಹೇಳಿತ್ತು. ಹದಿನಾಲ್ಕೇ ತಿಂಗಳಿಗೆ ನಿಂತುಹೋಯಿತು. ಸಿಟ್ಟು ಬಂದು ಕಸ್ಟಮರ್ ಕೇರ್‌ಗೆ ಉದ್ದುದ್ದ ಬರೆದೆ. ಆಮೇಲೆ ತಿಳಿಯಿತು, ಅವರ ಲೆಕ್ಕ ಸರಿಯಾಗಿಯೇ ಇತ್ತು. ಮೂರು ವರ್ಷ ಎಣಿಸುವುದು ಆ ಮಾಡೆಲ್ ಮಾರುಕಟ್ಟೆಗೆ ಬಂದ ದಿನದಿಂದ, ನಾವು ಕೊಂಡ ದಿನದಿಂದ ಅಲ್ಲ. ನನ್ನ ಕೈಗೆ ಬರುವ ಹೊತ್ತಿಗೆ ಆ ಮಾಡೆಲ್‌ಗೆ ಹತ್ತಿರ ಹತ್ತಿರ ಎರಡು ವರ್ಷ ವಯಸ್ಸಾಗಿತ್ತು. ರಿಯಾಯಿತಿ ಯಾಕೆ ಅಷ್ಟಿತ್ತು ಅಂತ ಆಗ ಹೊಳೆಯಿತು.

ಅಂದಿನಿಂದ ನಾನು ಮಾಡುವ ಲೆಕ್ಕ ಇಷ್ಟೇ. ಮಾಡೆಲ್ ಬಿಡುಗಡೆಯಾದ ತಿಂಗಳಿಗೆ ಕಂಪನಿ ಹೇಳಿದ ವರ್ಷ ಕೂಡಿಸಿ, ಕೊನೆ ತಾರೀಖು ಸಿಗುತ್ತದೆ. ಇವತ್ತಿನಿಂದ ಅಲ್ಲಿಗೆ ಎಷ್ಟು ವರ್ಷ ಉಳಿದಿದೆ ನೋಡಿ, ಬೆಲೆಯನ್ನು ಅದರಿಂದ ಭಾಗಿಸಿ. ಒಂದು ಫೋನಿಗೆ ಎರಡು ವರ್ಷ ಉಳಿದಿದೆ ಅಂದುಕೊಳ್ಳಿ. ಇನ್ನೊಂದರ ಬೆಲೆ ಅದರ ಒಂದೂವರೆ ಪಟ್ಟು, ಆದರೆ ಆರು ವರ್ಷ ಉಳಿದಿದೆ. ವರ್ಷಕ್ಕೆ ಬೀಳುವ ಖರ್ಚು ಎರಡನೆಯದರಲ್ಲಿ ಅರ್ಧ.

ಅಗ್ಗದ ಫೋನಿನಲ್ಲಿ ಆರು ವರ್ಷ ಎಲ್ಲಿಂದ ಬರಬೇಕು ಅಂತ ಯಾರೋ ಮೇಲೆ ನಕ್ಕಿದ್ದಾರೆ. ಹಿಂದೆ ಬರುತ್ತಿರಲಿಲ್ಲ, ನಿಜ. ಈಗ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ16 5ಜಿ ನೋಡಿ. 2024ರ ಕೊನೆಯಲ್ಲಿ ಬಂದದ್ದು, ಆರು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಅಂತ ಹೇಳಿದ್ದಾರೆ. ಅಂದರೆ 2030ರ ಕೊನೆಯ ಹೊತ್ತಿಗೆ ಮುಗಿಯುತ್ತದೆ. ಅದರ ನಂತರ ಬಂದ ಎ17ಗೂ ಆರು ವರ್ಷ. ಆದರೆ ಅದೇ ಕಂಪನಿಯ, ಇನ್ನೂ ಅಗ್ಗದ ಎ06ಗೆ ನಾಲ್ಕೇ ವರ್ಷ. ಹಾಗಾಗಿ "ಈ ಕಂಪನಿ ಒಳ್ಳೆಯದು, ಆ ಕಂಪನಿ ಕೆಟ್ಟದ್ದು" ಅಂತ ಹೇಳಿದರೆ ಪ್ರಯೋಜನ ಇಲ್ಲ. ಮಾಡೆಲ್ ನಂಬರ್ ಹಿಡಿದೇ ನೋಡಬೇಕು.

ಸೆಕೆಂಡ್ ಹ್ಯಾಂಡ್‌ನಲ್ಲಿ ಈ ಲೆಕ್ಕ ಇನ್ನೂ ಮಜವಾಗಿದೆ. ಗೂಗಲ್ ಪಿಕ್ಸೆಲ್ 7ಎ ಬಂದದ್ದು 2023ರ ಮೇನಲ್ಲಿ, 8ಎ ಬಂದದ್ದು 2024ರ ಮೇನಲ್ಲಿ. ವಯಸ್ಸಿನ ಅಂತರ ಒಂದೇ ವರ್ಷ. ಆದರೆ 7ಎಗೆ ಐದು ವರ್ಷ, 8ಎಗೆ ಏಳು ವರ್ಷ. ಒಂದು 2028ಕ್ಕೆ ನಿಲ್ಲುತ್ತದೆ, ಇನ್ನೊಂದು 2031ಕ್ಕೆ. ಬಳಸಿದ ಫೋನ್ ಮಾರುವವರಲ್ಲಿ ತುಂಬಾ ಜನ ಇದನ್ನು ನೋಡಿ ಬೆಲೆ ಕಟ್ಟುವುದಿಲ್ಲ. ನಮಗೆ ಅದೇ ಲಾಭ. ಹಳೆಯ ಐಫೋನ್ ಕೂಡ ಕೆಟ್ಟ ಆಯ್ಕೆಯಲ್ಲ. 2013ರ ಐಫೋನ್ 5ಎಸ್‌ಗೆ 2023ರ ಜನವರಿಯಲ್ಲೂ ಒಂದು ಸೆಕ್ಯುರಿಟಿ ಅಪ್‌ಡೇಟ್ ಬಂದಿತ್ತು. ಆದರೆ ಅಷ್ಟು ಹಳೆಯದಕ್ಕೆ ಬರುವುದು ಎಲ್ಲ ತೂತುಗಳನ್ನೂ ಮುಚ್ಚುವ ಅಪ್‌ಡೇಟ್ ಅಲ್ಲ, ತೀರಾ ಗಂಭೀರವಾದವನ್ನು ಮಾತ್ರ. ಅದನ್ನು ನಂಬಿ ಕೊಳ್ಳಬೇಡಿ. ಇನ್ನೊಂದು ಮಾತು: ಸೆಕೆಂಡ್ ಹ್ಯಾಂಡ್ ತಗೊಂಡರೆ ಬ್ಯಾಟರಿ ಬದಲಿಸುವ ಖರ್ಚನ್ನೂ ಮೊದಲೇ ಬೆಲೆಗೆ ಸೇರಿಸಿ.

ಜಾಹೀರಾತಿನಲ್ಲಿ "ನಾಲ್ಕು ವರ್ಷ ಅಪ್‌ಡೇಟ್" ಅಂತಿದ್ದರೆ ಯಾವ ಅಪ್‌ಡೇಟ್ ಅಂತ ಕೇಳಿ. ಆಂಡ್ರಾಯ್ಡ್ 15ರಿಂದ 16ಕ್ಕೆ ಹೋಗುವುದು ಒಂದು. ತೂತು ಮುಚ್ಚುವ ಸೆಕ್ಯುರಿಟಿ ಪ್ಯಾಚ್ ಇನ್ನೊಂದು. ನಿಮಗೆ ಮುಖ್ಯವಾದದ್ದು ಎರಡನೆಯದು. ಹೊಸ ಆಂಡ್ರಾಯ್ಡ್ ಬರದಿದ್ದರೂ ಪ್ಯಾಚ್ ಬರುತ್ತಿದ್ದರೆ ಫೋನ್ ಬಳಸಬಹುದು. ಸೆಟ್ಟಿಂಗ್ಸ್‌ನಲ್ಲಿ "ಗೂಗಲ್ ಪ್ಲೇ ಸಿಸ್ಟಮ್ ಅಪ್‌ಡೇಟ್" ಅಂತ ಮೂರನೆಯದೂ ಕಾಣುತ್ತದೆ. ಆಂಡ್ರಾಯ್ಡ್ 10ರಿಂದ ಶುರುವಾದದ್ದು. ಫೋನ್ ಕಂಪನಿ ಕೈಬಿಟ್ಟ ಮೇಲೂ ಅದರ ತಾರೀಖು ಮುಂದೆ ಹೋಗುತ್ತಿರಬಹುದು, ಅದನ್ನು ನೋಡಿ ನೆಮ್ಮದಿಯಾಗಿ ಕೂತವರನ್ನು ನಾನು ಕಂಡಿದ್ದೇನೆ. ಅದು ಒಳಗಿನ ಕೆಲವು ಭಾಗಗಳನ್ನಷ್ಟೇ ಸರಿ ಮಾಡುತ್ತದೆ. ಚಿಪ್‌ಗೆ ಸಂಬಂಧಿಸಿದ ತೂತುಗಳು ಹಾಗೇ ಇರುತ್ತವೆ. ನೀವು ನೋಡಬೇಕಾದದ್ದು "ಆಂಡ್ರಾಯ್ಡ್ ಸೆಕ್ಯುರಿಟಿ ಅಪ್‌ಡೇಟ್" ಎದುರಿನ ತಾರೀಖು. ಅಬೌಟ್ ಫೋನ್ ಒಳಗೆ ಸಿಗುತ್ತದೆ.

ಇದೆಲ್ಲ ಸುಮ್ನೆ ಭಯ ಹುಟ್ಟಿಸುವ ಮಾತು ಅಂದವರಿಗೆ ಒಂದು ಹಳೆಯ ಕಥೆ. 2015ರ ಜುಲೈನಲ್ಲಿ ಸ್ಟೇಜ್‌ಫ್ರೈಟ್ ಅನ್ನುವ ತೂತು ಬಯಲಾಯಿತು. ಆಂಡ್ರಾಯ್ಡ್‌ನಲ್ಲಿ ವಿಡಿಯೊ ಓದುವ ಭಾಗದಲ್ಲಿದ್ದ ದೋಷ ಅದು. ಕೆಟ್ಟ ಉದ್ದೇಶದಿಂದ ತಯಾರಿಸಿದ ಒಂದು ಎಂಎಂಎಸ್ ಬಂದರೆ ಸಾಕು, ಯಜಮಾನ ಏನನ್ನೂ ಒತ್ತದಿದ್ದರೂ ಫೋನಿನೊಳಗೆ ನುಗ್ಗಬಹುದಿತ್ತು. ಗೂಗಲ್ ತಿಂಗಳಿಗೊಮ್ಮೆ ಪ್ಯಾಚ್ ಬಿಡಲು ಶುರು ಮಾಡಿದ್ದು ಅದರ ಮುಂದಿನ ತಿಂಗಳಿನಿಂದಲೇ. ಅಗ್ಗದ ಫೋನುಗಳಿಗೆ ಅದು ತಿಂಗಳು ತಿಂಗಳು ತಲುಪುವುದಿಲ್ಲ, ಮೂರು ತಿಂಗಳಿಗೊಮ್ಮೆ ಬರುವುದೇ ಜಾಸ್ತಿ. ನನ್ನ ಪ್ರಕಾರ ಅಷ್ಟು ನಡೆಯುತ್ತದೆ.

ನೀವು ಬ್ಯಾಂಕ್ ಆ್ಯಪ್ ಬಳಸುವುದರಿಂದ ಇನ್ನೊಂದು ವಿಷಯ. ಫೋನ್ ನಂಬಿಕೆಗೆ ಯೋಗ್ಯವೇ ಅಂತ ಆ್ಯಪ್‌ಗಳು ಗೂಗಲ್ ಮೂಲಕ ಪರೀಕ್ಷೆ ಮಾಡಬಹುದು. ಆಂಡ್ರಾಯ್ಡ್ 13 ಮತ್ತು ಅದಕ್ಕಿಂತ ಹೊಸದರಲ್ಲಿ, ಆ ಪರೀಕ್ಷೆಯ ಅತಿ ಬಿಗಿಯಾದ ಮಟ್ಟ ಪಾಸಾಗಲು ಕಳೆದ ಒಂದು ವರ್ಷದೊಳಗಿನ ಪ್ಯಾಚ್ ಇರಲೇಬೇಕು. 2025ರಿಂದ ಈ ನಿಯಮ ಇದೆ. ಎಲ್ಲ ಆ್ಯಪ್‌ಗಳೂ ಅಷ್ಟು ಬಿಗಿ ಕೇಳುವುದಿಲ್ಲ. ನಿಮ್ಮ ಈಗಿನ ಫೋನಿನಲ್ಲಿ ಆಂಡ್ರಾಯ್ಡ್ 13 ಅಥವಾ ಹೊಸದಿದ್ದರೆ, ಕೇಳಿದ ದಿನ ಅದು ಹೊರಗೆ.

ಕೊನೆ ತಾರೀಖು ಎಲ್ಲಿ ಹುಡುಕುವುದು? ಕಂಪನಿಯ ಸೆಕ್ಯುರಿಟಿ ಅಪ್‌ಡೇಟ್ ಪುಟದಲ್ಲಿ ಮೊದಲು ನೋಡಿ. ಅಲ್ಲಿ ಗೊಂದಲವಿದ್ದರೆ ಅದೇ ಕಂಪನಿಯ ಬ್ರಿಟನ್ ಪುಟ ತೆರೆಯಿರಿ. 2024ರ ಏಪ್ರಿಲ್ 29ರಿಂದ ಅಲ್ಲಿನ ಕಾನೂನಿನ ಪ್ರಕಾರ, ಕನಿಷ್ಠ ಎಲ್ಲಿಯವರೆಗೆ ಅಪ್‌ಡೇಟ್ ಕೊಡುತ್ತೇವೆ ಅಂತ ಕಂಪನಿಗಳು ಬಹಿರಂಗವಾಗಿ ಹೇಳಲೇಬೇಕು. ಆದರೆ ಒಂದೇ ಹೆಸರಿನ ಫೋನ್ ಬೇರೆ ಬೇರೆ ದೇಶದಲ್ಲಿ ಬೇರೆ ಚಿಪ್ ಇಟ್ಟುಕೊಂಡು ಬರುವುದುಂಟು. ಮಾಡೆಲ್ ನಂಬರ್ ಹೊಂದುತ್ತದೆಯೇ ನೋಡಿಕೊಳ್ಳಿ.

ಆರು ವರ್ಷ ಅಪ್‌ಡೇಟ್ ಇದ್ದು, ಮೂರನೇ ವರ್ಷಕ್ಕೆ ಫೋನ್ ತೆವಳಲು ಶುರುವಾದರೆ ಏನು ಬಂತು? ಹಾಗಾಗಿ ಸ್ಟೋರೇಜ್ 128 ಜಿಬಿಗಿಂತ ಕಡಿಮೆ ಬೇಡ. ದೊಡ್ಡ ಅಪ್‌ಡೇಟ್‌ಗೆ ಕೆಲವು ಜಿಬಿ ಖಾಲಿ ಜಾಗ ಬೇಕು, ನಿಮ್ಮ ಗಿಡಗಳ ಫೋಟೊಗಳೂ ಸೇರಿದರೆ 64 ಬೇಗ ತುಂಬುತ್ತದೆ. ರ್ಯಾಮ್ 6 ಜಿಬಿ ಇದ್ದರೆ ಒಳ್ಳೆಯದು. 4 ಜಿಬಿಯದ್ದು ಇವತ್ತು ಅಂಗಡಿಯಲ್ಲಿ ಚುರುಕಾಗಿಯೇ ಕಾಣುತ್ತದೆ, ಮೋಸ ಹೋಗಬೇಡಿ.

ಹಳೆ ಫೋನಿಗೇ ಲೀನಿಯೇಜ್ ಓಎಸ್ (ಕಂಪನಿಯ ಸಾಫ್ಟ್‌ವೇರ್ ತೆಗೆದು ನಾವೇ ಹಾಕಿಕೊಳ್ಳುವ ಉಚಿತ ಆಂಡ್ರಾಯ್ಡ್) ಹಾಕಿ ಅಂತ ಒಬ್ಬರು ಹೇಳಿದ್ದಾರೆ. ಕೈಪಳಗಿದವರಿಗೆ ಸರಿ. ಆದರೆ ಅದಕ್ಕೆ ಬೂಟ್‌ಲೋಡರ್ ಅನ್‌ಲಾಕ್ ಮಾಡಬೇಕು, ಅಂದರೆ ಬೇರೆ ಸಾಫ್ಟ್‌ವೇರ್ ಹಾಕದಂತೆ ಕಂಪನಿ ಇಟ್ಟ ಬೀಗ ತೆಗೆಯಬೇಕು, ಆಮೇಲೆ ಬ್ಯಾಂಕ್ ಆ್ಯಪ್ ತಕರಾರು ಮಾಡಬಹುದು. ಕಂಪನಿಯೇ ಕೊಡಬೇಕಾದ ಚಿಪ್‌ನ ಪ್ಯಾಚ್ ಅದರಿಂದಲೂ ಬರುವುದಿಲ್ಲ. ನಿಮಗೆ ಬೇಡ ಅನ್ನುತ್ತೇನೆ.

ಹೊಸದು ಬರುವವರೆಗೆ ಬ್ಯಾಂಕ್ ಆ್ಯಪ್ ಒಂದನ್ನು ಹಳೆ ಫೋನಿನಿಂದ ತೆಗೆದುಬಿಡಿ. ಫೋಟೊ ತೆಗೆಯಲು ಅದನ್ನು ಇಟ್ಟುಕೊಂಡರೆ ತೊಂದರೆಯಿಲ್ಲ. ಎರಡೋ ಮೂರೋ ಮಾಡೆಲ್‌ಗೆ ಬಂದು ನಿಂತ ಮೇಲೆ ಪೂರ್ತಿ ಹೆಸರು ಇಲ್ಲಿ ಹಾಕಿ, 4ಜಿಯೋ 5ಜಿಯೋ ಅನ್ನುವುದೂ ಸೇರಿಸಿ. ಯಾವುದು ಯಾವ ತಿಂಗಳಿಗೆ ನಿಲ್ಲುತ್ತದೆ ಅಂತ ಲೆಕ್ಕ ಹಾಕಿ ಹೇಳುತ್ತೇನೆ.