ಎಷ್ಟು ಕಪ್ ಗೆದ್ದರೆ ಬಾಸ್ಕೆಟ್‌ಬಾಲ್ ಆಟಗಾರನ ಹೆಸರು ಉಳಿಯುತ್ತದೆ?

ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಆಟಗಾರನ ಹೆಸರು ಕಾಲಕಾಲಕ್ಕೂ ಉಳಿಯಬೇಕಾದರೆ ಕಪ್ ಗೆಲ್ಲಲೇಬೇಕಾ ಅಂತ ಕೇಳಿದ್ದೀರಿ.

ಕಪ್ ಬೇಕು. ಆದರೆ ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. ರಾಬರ್ಟ್ ಹೋರಿ 7 ಸಲ ಗೆದ್ದಿದ್ದಾರೆ, ಮೈಕಲ್ ಜೋರ್ಡನ್ 6 ಸಲ. ಆದರೂ ಹೋರಿಯನ್ನು ಯಾರೂ ಜೋರ್ಡನ್ ಪಕ್ಕ ಕೂರಿಸುವುದಿಲ್ಲ. ಆ 6 ಫೈನಲ್‌ಗಳಲ್ಲೂ ಶ್ರೇಷ್ಠ ಆಟಗಾರ ಜೋರ್ಡನ್ನೇ. ಇನ್ನು ಜಾನ್ ಸ್ಟಾಕ್ಟನ್ ಒಂದೂ ಕಪ್ ಗೆದ್ದಿಲ್ಲ. ಆದರೆ ಅವರ 15,806 ಅಸಿಸ್ಟ್‌ಗಳ (ಜೊತೆಗಾರ ಬುಟ್ಟಿಗೆ ಹಾಕುವಂತೆ ಕೊಟ್ಟ ಪಾಸ್‌ಗಳ) ಹತ್ತಿರ ಇವತ್ತಿಗೂ ಯಾರೂ ಬಂದಿಲ್ಲ.

ನಾನು ನೋಡುವುದು ಬೇರೆ. ಆ ಆಟಗಾರ ಬಂದ ಮೇಲೆ ಆಟ ಬದಲಾಯಿತಾ? ಯಕ್ಷಗಾನ ನೋಡಿ ಬೆಳೆದವರಿಗೆ ಇದು ಬೇಗ ತಿಳಿಯುತ್ತದೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2017ರಲ್ಲಿ ತೀರಿಕೊಂಡರು. ಈಗಲೂ ಹೊಸ ಹುಡುಗನೊಬ್ಬ ರಂಗದಲ್ಲಿ ಕುಣಿಯುವಾಗ "ಇದು ಚಿಟ್ಟಾಣಿ ಕುಣಿತ" ಅಂತ ಜನ ಗುರುತಿಸುತ್ತಾರಲ್ವಾ, ಹಾಗೆ.

ಉಡುಪಿಯಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಬಾಸ್ಕೆಟ್‌ಬಾಲ್ ಹೇಳಿಕೊಡುತ್ತೇನೆ. ಜುಲೈಯಲ್ಲಿ ಒಂದು ದಿನ ಮಳೆ ಬಿಟ್ಟ ಕೂಡಲೇ ಎಲ್ಲರೂ ಹಿಡಿಸೂಡಿ ಹಿಡಿದು ಸಿಮೆಂಟ್ ಕೋರ್ಟಿನ ನೀರು ಗುಡಿಸಿದೆವು. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಮೂರು ಪಾಯಿಂಟ್ ಗೆರೆಯಿಂದ ಎರಡು ಹೆಜ್ಜೆ ಹಿಂದೆ ನಿಂತು ಎಸೆದಳು. ಚೆಂಡು ಕೈ ಬಿಟ್ಟ ಮೇಲೂ ಕೈ ಇಳಿಯಲಿಲ್ಲ, ಮಣಿಕಟ್ಟು ಬಾಗಿಯೇ ಇತ್ತು. ನಾನು ಹೇಳಿಕೊಟ್ಟದ್ದಲ್ಲ ಅದು, ಎನ್‌ಬಿಎ ಆಟಗಾರ ಸ್ಟೀಫನ್ ಕರಿಯನ್ನು ನೋಡಿ ಕಲಿತದ್ದು. ನಾವು ಆಡುವ ಕಾಲದಲ್ಲಿ ಅಷ್ಟು ದೂರದಿಂದ ಸುಮ್ನೆ ಎಸೆದರೆ ಕೋಚ್ ಹೊರಗೆ ಕೂರಿಸುತ್ತಿದ್ದರು. ಕರಿಗೆ 4 ಕಪ್ ಇವೆ, ಆದರೆ ನನಗೆ ಈ ಮಣಿಕಟ್ಟೇ ಜಾಸ್ತಿ.

ಎಲ್ಲವೂ ಒಬ್ಬರಲ್ಲೇ ಇದ್ದದ್ದು ಬಿಲ್ ರಸೆಲ್ ಅವರಲ್ಲಿ. 13 ಸೀಸನ್‌ಗಳಲ್ಲಿ 11 ಕಪ್. 1966ರಲ್ಲಿ ಎನ್‌ಬಿಎಯ ಮೊದಲ ಕಪ್ಪು ವರ್ಣೀಯ ಮುಖ್ಯ ಕೋಚ್ ಆದರು, ಅದೂ ಆಡುತ್ತಲೇ. 2022ರಲ್ಲಿ ಅವರು ತೀರಿಕೊಂಡಾಗ, ಅವರ 6ನೇ ನಂಬರನ್ನು ಇನ್ನು ಯಾವ ತಂಡವೂ ಹೊಸಬರಿಗೆ ಕೊಡಬಾರದು ಅಂತ ಲೀಗ್ ನಿರ್ಧರಿಸಿತು. ಅವರ ಹಳೆಯ ಪಂದ್ಯ ಸಿಕ್ಕಿದರೆ ನೋಡಿ. ಎದುರಾಳಿಯ ಶಾಟ್ ತಡೆಯುವಾಗ ಚೆಂಡನ್ನು ಹೊರಗೆ ಬಡಿದು ಮೆರೆಯುವುದಿಲ್ಲ. ಮೆಲ್ಲ ತಟ್ಟಿ ತನ್ನ ಜೊತೆಗಾರನ ಕೈಗೆ ಬೀಳಿಸುತ್ತಾರೆ. ನಮ್ಮ ಕೋರ್ಟಿನಲ್ಲಿ ಎತ್ತರದ ಮಕ್ಕಳಿಗೆ ನಾನು ಮೊದಲು ಕಲಿಸುವುದು ಅದನ್ನೇ.